ಬೆಳಗಾವಿಯಲ್ಲಿ ಒಬ್ಬರನ್ನು ಅರಿತುಕೊಳ್ಳಲು ಎಲ್ಲಿ ಭೇಟಿಯಾಗಬೇಕು, ಮನೆಯಲ್ಲಿ ಯಾವಾಗ ಹೇಳಬೇಕು?

ಪ್ರಶ್ನೆ: ಮುಧೋಳದ ಮಗಳು

ನನಗೆ 32 ವರ್ಷ. ಊರು ಬಾಗಲಕೋಟೆ ಜಿಲ್ಲೆಯ ಮುಧೋಳ. ಏಳು ವರ್ಷಗಳಿಂದ ಬೆಳಗಾವಿಯ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಗುಣಮಟ್ಟ ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಟಿಳಕವಾಡಿಯ ಒಂದು ಮನೆಯ ಮೇಲಂತಸ್ತಿನಲ್ಲಿ ಒಬ್ಬಳೇ ಬಾಡಿಗೆಗಿದ್ದೇನೆ. ಮದುವೆಯಾಗಬೇಕೆಂಬ ಆಸೆ ನನಗೆ ಖಂಡಿತ ಇದೆ, ಆದರೆ ಆಗುವವರನ್ನು ಮೊದಲು ಅರಿತುಕೊಳ್ಳಬೇಕೆಂಬ ಹಟವೂ ಇದೆ.

29 ತುಂಬುವುದರೊಳಗೆ ಹನ್ನೊಂದು ಸಲ ನನ್ನನ್ನು ನೋಡಲು ಬಂದಿದ್ದರು. ಹನ್ನೊಂದು ಸಲವೂ ಅದೇ ಅವಲಕ್ಕಿ, ಅದೇ ಚಹಾ. ಪ್ರತಿ ಸಲವೂ ಯಾರಾದರೂ ಹಿರಿಯರು "ಹುಡುಗ ಹುಡುಗಿ ಮಾತಾಡ್ಲಿ" ಎಂದು ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸುತ್ತಿದ್ದರು, ಮತ್ತು ಐದು ನಿಮಿಷ ಕಳೆಯುವುದರೊಳಗೆ ಯಾವುದೋ ಒಂದು ಮಗುವನ್ನು ನಮ್ಮ ಹಿಂದೆಯೇ ಕಳಿಸುತ್ತಿದ್ದರು. ಹನ್ನೊಂದನೆಯವರು ಹೋದ ಮೇಲೆ ನಾನು ಅಪ್ಪನ ಮುಂದೆ ಕುಳಿತು, ನಮ್ಮ ಫೌಂಡ್ರಿಯಲ್ಲಿ ಒಂದು ಎರಕ ಹೊರಗಿನಿಂದ ಎಷ್ಟೇ ನುಣುಪಾಗಿ ಕಂಡರೂ ಒಳಗಿನ ಗಾಳಿಗುಳ್ಳೆ ಪರೀಕ್ಷೆಗೆ ಹಚ್ಚಿದಾಗ ಮಾತ್ರ ತಿಳಿಯುತ್ತದೆಂದೂ, ಒಂದು ಪಂಪಿನ ಕವಚಕ್ಕೆ ಕೊಡುವಷ್ಟು ಸಮಯವನ್ನಾದರೂ ಒಬ್ಬ ಮನುಷ್ಯನನ್ನು ಅರಿಯಲು ಕೊಡಬೇಕೆಂದೂ ಹೇಳಿದೆ. ಅಪ್ಪ ಏನೂ ಉತ್ತರಿಸಲಿಲ್ಲ. ಆದರೆ ಮರುದಿನ ಹನ್ನೆರಡನೆಯವರಿಗೆ ತಾವೇ ಫೋನ್ ಮಾಡಿ ಸದ್ಯಕ್ಕೆ ಬರುವುದು ಬೇಡವೆಂದು ತಿಳಿಸಿದರು. ಆ ಉಪಕಾರವನ್ನು ನಾನು ಮರೆತಿಲ್ಲ. ಈಗ ನನ್ನ ಪ್ರಶ್ನೆ ಹುಟ್ಟಿರುವುದೂ ಅದರಿಂದಲೇ.

ಅಂದಿನಿಂದ ಮೂರು ವರ್ಷ ಡೇಟಿಂಗ್ ಆ್ಯಪ್‌ಗಳಲ್ಲಿ ಹುಡುಕಿದ್ದೇನೆ. ಬೆಳಗಾವಿಯಲ್ಲಿ ಕುಳಿತು ಹುಡುಕುವವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ದೂರದ ಮಿತಿಯನ್ನು 100 ಕಿಲೋಮೀಟರಿಗೆ ಇಟ್ಟರೆ ಧಾರವಾಡ, ಹುಬ್ಬಳ್ಳಿಯ ಜೊತೆಗೆ ಕೊಲ್ಲಾಪುರವೂ ಪಣಜಿಯೂ ಒಳಗೆ ಬಂದುಬಿಡುತ್ತವೆ, ಏಕೆಂದರೆ ಆ್ಯಪ್ ನೆಟ್ಟಗೆ ಗೆರೆ ಎಳೆದು ದೂರವನ್ನು ಅಳೆಯುತ್ತದೆ ಹೊರತು ನಡುವೆ ಸಹ್ಯಾದ್ರಿ ಅಡ್ಡ ಬಿದ್ದಿರುವುದನ್ನು ಎಣಿಸುವುದಿಲ್ಲ. ಡಿಸೆಂಬರ್ ಬಂತೆಂದರೆ ಗೋವಾಕ್ಕೆ ರಜೆಗೆ ಬಂದ ದೇಶದ ಎಲ್ಲ ಭಾಗದ ಗಂಡಸರೂ ನನ್ನ ಫೋನಿನಲ್ಲಿ ಹತ್ತಿರದವರಾಗಿ ಕಾಣಿಸಿಕೊಳ್ಳುತ್ತಾರೆ. ಅವರಲ್ಲೊಬ್ಬರು ಬಹಳ ಸಜ್ಜನಿಕೆಯಿಂದ, ಹತ್ತಿರವೇ ಇದ್ದೀರಲ್ಲ, ಅರ್ಧ ತಾಸಿನಲ್ಲಿ ಕಾಫಿಗೆ ಬರಬಹುದೇ ಎಂದು ಕೇಳಿದರು. ಚೋರ್ಲಾ ಘಾಟಿನ ತಿರುವುಗಳನ್ನೂ ಅಲ್ಲಿ ಮಳೆಗಾಲದಲ್ಲಿ ಕುಸಿಯುವ ಮಣ್ಣನ್ನೂ ಅವರಿಗೆ ವಿವರಿಸುವುದರಲ್ಲೇ ಆ ಸಂಜೆ ಮುಗಿಯಿತು. ಅದೇ ಮಿತಿಯೊಳಗೆ ನನ್ನ ಜಿಲ್ಲಾ ಕೇಂದ್ರವಾದ ಬಾಗಲಕೋಟೆಯ ಒಬ್ಬರೂ ಸಿಕ್ಕುವುದಿಲ್ಲ.

ಇನ್ನೊಂದು ಪ್ರಸಂಗ ಭಾಷೆಯದು. 2014ರಲ್ಲಿ ಆರಂಭವಾದ ಬಂಬಲ್ ಎಂಬ ಆ್ಯಪ್‌ನಲ್ಲಿ ಗಂಡು ಹೆಣ್ಣು ಪರಸ್ಪರ ಒಪ್ಪಿದ ಮೇಲೆ ಮೊದಲ ಸಂದೇಶವನ್ನು ಹೆಣ್ಣೇ ಕಳಿಸಬೇಕೆಂಬ ನಿಯಮವಿದ್ದದ್ದು ನಿಮಗೆ ಗೊತ್ತಿರಬಹುದು. ಕೆಲಸದ ಮೇಲೆ ಬೆಳಗಾವಿಗೆ ಬಂದಿದ್ದ ಬೆಂಗಳೂರಿನ ಒಬ್ಬರಿಗೆ ನಾನು "ನಮಸ್ಕಾರ್ರೀ, ಆರಾಮ ಅದೀರೇನ್ರೀ?" ಎಂದು ಬರೆದೆ. ಮೂರು ದಿನ ಚೆನ್ನಾಗಿಯೇ ಮಾತು ನಡೆಯಿತು. ನಾಲ್ಕನೆಯ ದಿನ ಅವರು ಬಹಳ ಸಂಕೋಚದಿಂದ, ನೀವು ಆಗಲೇ ನನ್ನನ್ನು "ರೀ" ಎಂದು ಕರೆಯುತ್ತಿದ್ದೀರಿ, ನಾನು ಇನ್ನೂ ಅಷ್ಟು ದೂರ ಯೋಚಿಸಿಲ್ಲ ಎಂದು ಬರೆದರು. ಅವರ ಮನೆಯಲ್ಲಿ ಹಾಗೆ ಕರೆಯುವವರು ಅವರ ತಾಯಿ, ಅದೂ ಅವರ ತಂದೆಯನ್ನು ಮಾತ್ರವಂತೆ. ನಾನು ಬಸ್ಸಿನ ಕಂಡಕ್ಟರಿಗೂ, ಕಾಯಿಪಲ್ಲೆ ಮಾರುವವರಿಗೂ, ನಮ್ಮ ಫೌಂಡ್ರಿಯ ಮಾಲಕರಿಗೂ "ರೀ" ಎನ್ನುತ್ತೇನೆಂದು ತಿಳಿಸಿದಾಗ ಅವರು ಮನಸಾರೆ ಕ್ಷಮೆ ಕೇಳಿದರು. ಅಲ್ಲಿಂದ ಮುಂದೆ ಇಬ್ಬರಿಗೂ ಮಾತು ಸಲೀಸಾಗಿ ಬರಲಿಲ್ಲ.

ಮೂರನೆಯವರು ಮೊದಲ ಭೇಟಿಗೆ ತಮ್ಮ ವೈನಿಯನ್ನು (ಅತ್ತಿಗೆಯನ್ನು) ಕರೆದುಕೊಂಡು ಬಂದರು. ಎರಡು ತಾಸು ವೈನಿ ಮತ್ತು ನಾನು ಮಾತನಾಡಿದೆವು, ಅವರು ಫೋನ್ ನೋಡುತ್ತ ಕುಳಿತರು. ಸಂಬಂಧ ಮುಂದುವರಿಯಲಿಲ್ಲ, ಆದರೆ ಆ ವೈನಿ ಈಗಲೂ ಬೈಲಹೊಂಗಲದಿಂದ ಬರುವಾಗ ನನಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ತರುತ್ತಾರೆ. ಮೂರು ವರ್ಷದ ಹುಡುಕಾಟದಲ್ಲಿ ಇಂಥ ಒಬ್ಬ ಗೆಳತಿ ಸಿಕ್ಕದ್ದನ್ನು ನಾನು ಲಾಭದ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಐದು ತಿಂಗಳಿಂದ ಧಾರವಾಡದ ಒಬ್ಬರ ಪರಿಚಯವಾಗಿದೆ. ಬೀಜದ ಕಂಪನಿಯೊಂದರಲ್ಲಿ ಕೆಲಸ, ನನಗಿಂತ ಎರಡು ವರ್ಷ ಹಿರಿಯರು. ನಾಲ್ಕು ಸಲ ಭೇಟಿಯಾಗಿದ್ದೇವೆ. ನನಗೆ ಅವರ ಮಾತು, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುವ ರೀತಿ ಇಷ್ಟವಾಗಿದೆ. ತೊಂದರೆ ಇರುವುದು ಕೂರುವ ಜಾಗದ್ದು. ಎರಡನೆಯ ಭೇಟಿಗೆ ಅವರು ಧಾರವಾಡ ಪೇಢೆ ತಂದಿದ್ದರು, ನಾನು ಅರ್ಧ ಕಿಲೋ ಕುಂದಾ ಒಯ್ದಿದ್ದೆ. ಕ್ಯಾಂಪ್ ಪ್ರದೇಶದ ಒಂದು ಹೋಟೆಲಿನಲ್ಲಿ ಡಬ್ಬಿಗಳನ್ನು ಅದಲು ಬದಲು ಮಾಡಿಕೊಳ್ಳುತ್ತಿರುವಾಗ ಹಿರಿಯ ಸಪ್ಲಾಯರ್ ಒಬ್ಬರು ಸಂತೋಷದಿಂದ ಹತ್ತಿರ ಬಂದು "ಸಾಖರಪುಡಾ ಆತೇನ್ರಿ ಅಕ್ಕಾರ?" ಎಂದು, ಅಂದರೆ ನಿಶ್ಚಿತಾರ್ಥ ಆಯಿತೇ ಎಂದು, ಕೇಳಿದರು. ಪಕ್ಕದ ಮೇಜಿನ ಕುಟುಂಬದವರು ಊಟ ಬಿಟ್ಟು ನಮ್ಮ ಕಡೆ ತಿರುಗಿ ಶುಭ ಕೋರಿದರು. ಇಬ್ಬರೂ ಅವರಿಗೆ ಸಿಹಿ ಹಂಚಿ ಎದ್ದು ಬಂದೆವು. ಬೇರೆ ದಾರಿಯಾದರೂ ಏನಿತ್ತು?

ಮೂರನೆಯ ಸಲ ಕೋಟೆ ಕೆರೆಯ ದಂಡೆಯಲ್ಲಿ ಕುಳಿತಿದ್ದಾಗ ನಮ್ಮ ಮನೆ ಮಾಲಕಿ ಕಾಕು ಸಂಜೆಯ ವಾಕಿಂಗಿಗೆ ಬಂದರು. ನಮ್ಮನ್ನು ನೋಡಿ ಹಿಂತಿರುಗುತ್ತಾರೆಂದು ತಿಳಿದಿದ್ದೆ, ಆದರೆ ಅವರು ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಕುಳಿತು, ಧಾರವಾಡದವರ ಅಡ್ಡಹೆಸರು (ಮನೆತನದ ಹೆಸರು), ಹೊಲ ಎಷ್ಟು ಎಕರೆ, ಬೋರ್‌ವೆಲ್ಲಿಗೆ ನೀರಿದೆಯೇ, ತಾಯಿಗೆ ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನೆಲ್ಲ ಅರ್ಧ ತಾಸಿನಲ್ಲಿ ತಿಳಿದುಕೊಂಡರು. ನಾಲ್ಕು ತಿಂಗಳಲ್ಲಿ ನಾನು ಕೇಳಿರದ ಸಂಗತಿಗಳು ಅವು. ಎದ್ದು ಹೋಗುವಾಗ, ಇನ್ನೊಮ್ಮೆ ಬಂದರೆ ಮನೆಗೇ ಕರೆದುಕೊಂಡು ಬಾ, ಇಲ್ಲಿ ಸೊಳ್ಳೆ ಬಹಳ ಎಂದು ಹೇಳಿದರು. ಕಾಕು ಯಾರಿಗೂ ಹೇಳಿಲ್ಲ, ನನಗೆ ಆ ನಂಬಿಕೆ ಇದೆ.

ಆದರೆ ಎಲ್ಲರೂ ಕಾಕುವಿನಂತಿರುವುದಿಲ್ಲ. ಮುಧೋಳ ಬೆಳಗಾವಿಯಿಂದ ಬಸ್ಸಿನಲ್ಲಿ ಮೂರು ತಾಸಿನ ದಾರಿ. ನಮ್ಮೂರಿನವರು ಆಸ್ಪತ್ರೆಗೆ, ಕೋರ್ಟಿಗೆ, ಮದುವೆಯ ಬಟ್ಟೆಗೆ ವಾರವಾರವೂ ಇಲ್ಲಿಗೆ ಬರುತ್ತಾರೆ. ನನಗೆ ಹನ್ನೆರಡನೆಯ ವರನನ್ನು ತಪ್ಪಿಸಿಕೊಟ್ಟ ಅಪ್ಪನಿಗೆ ಈ ವಿಷಯ ಖಡೇಬಜಾರಿನಲ್ಲಿ ನನ್ನನ್ನು ಕಂಡ ಮೂರನೆಯವರ ಬಾಯಿಂದ ತಿಳಿಯಬಾರದು. ಹಾಗೆಂದು ಇನ್ನೂ ಗಟ್ಟಿಯಾಗದ ಸಂಬಂಧವನ್ನು ಈಗಲೇ ಹೇಳಿದರೆ ಮರುದಿನವೇ ಕುಂಡಲಿ ಕೇಳುತ್ತಾರೆಂಬ ಭಯವೂ ಇದೆ. ಎಲ್ಲಿ ಕುಳಿತು ಮಾತನಾಡಬಹುದು, ಎಷ್ಟನೆಯ ಭೇಟಿಯ ನಂತರ ಮನೆಯಲ್ಲಿ ಹೇಳುವುದು ಸರಿ, ಅಪ್ಪನಿಗೆ ಮೊದಲೋ ಅವ್ವನಿಗೆ ಮೊದಲೋ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಉತ್ತರ: ಶಹಾಪುರದ ಅಕ್ಕ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ನನಗೆ ಈಗ 41. ಬ್ಯಾಂಕಿನಲ್ಲಿ ಕೆಲಸ, ಮದುವೆಯಾದದ್ದು 37ಕ್ಕೆ. 2012ರಲ್ಲಿ ಟಿಂಡರ್ ಎಂಬ ಡೇಟಿಂಗ್ ಆ್ಯಪ್ ಶುರುವಾದಾಗ ನನಗೆ 28. ಆಗ ಬೆಳಗಾವಿಯ ನಮ್ಮ ಶಹಾಪುರದ ಗಲ್ಲಿಯಲ್ಲಿ ಅಂಥದ್ದೊಂದು ಇದೆಯೆಂಬ ಸುದ್ದಿಯೂ ಇರಲಿಲ್ಲ. ನನ್ನವರು ನನಗೆ ಸಿಕ್ಕಿದ್ದು ಸಹೋದ್ಯೋಗಿಯೊಬ್ಬರ ಮನೆಯ ವಾಸ್ತುಶಾಂತಿಯಲ್ಲಿ.

ಜಾಗದ ವಿಷಯದಲ್ಲಿ ನನ್ನ ಸ್ಪಷ್ಟ ಅಭಿಪ್ರಾಯ ಇಷ್ಟು: ಮರೆಯ ಜಾಗ ಹುಡುಕಬೇಡ. ಮರೆಯಲ್ಲಿ ಕಂಡವರ ಬಗ್ಗೆಯೇ ಊರು ಮಾತನಾಡುತ್ತದೆ. ನಾವಿಬ್ಬರೂ ಜನರ ಕಣ್ಣು ತಪ್ಪಿಸಲೆಂದು ಜುಲೈ ತಿಂಗಳಲ್ಲಿ ಯಳ್ಳೂರಿನ ರಾಜಹಂಸಗಡಕ್ಕೆ ಬೇರೆ ಬೇರೆಯಾಗಿ ಹೋಗಿದ್ದೆವು. ಅಲ್ಲಿ ಎಂಥ ಮಂಜು ಕವಿದಿತ್ತೆಂದರೆ ಚಾಚಿದ ಕೈ ಕಾಣುತ್ತಿರಲಿಲ್ಲ. ಗಡದ ಬಾಗಿಲಿನ ಬಳಿ ಸೇರಿ ಒಟ್ಟಿಗೆ ನಡೆಯುತ್ತಿದ್ದವರು ಎಲ್ಲೋ ಬೇರ್ಪಟ್ಟೆವು. ಅವರು ನನ್ನದರಂತೆಯೇ ನೀಲಿ ರೇನ್‌ಕೋಟ್ ತೊಟ್ಟಿದ್ದ ಬೇರೊಬ್ಬ ಹಿರಿಯ ಮಹಿಳೆಯ ಪಕ್ಕದಲ್ಲಿ, ನಾನೇ ಎಂದು ತಿಳಿದು, ತಮ್ಮ ತಾಯಿಯ ಮೊಣಕಾಲು ನೋವಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತ ನಡೆದರು. ಆ ತಾಯಿ ಎಲ್ಲವನ್ನೂ ಕೇಳಿ, ಯಾವ ಎಣ್ಣೆ ಹಚ್ಚಬೇಕೆಂದು ಹೇಳಿ, ಆಮೇಲೆ "ತಮ್ಮಾ, ನೀ ಹುಡುಕೂ ಹುಡುಗಿ ಹಿಂದ ನಿಂತಾಳ ನೋಡು" ಎಂದು ನನ್ನನ್ನು ತೋರಿಸಿದರು. ನಾನು ಆ ಕಥೆಯ ಕೊನೆಯ ಭಾಗವನ್ನು ಹಿಂದಿನಿಂದ ಕೇಳಿಸಿಕೊಂಡಿದ್ದೆ. ತಾಯಿಯ ನೋವನ್ನು ಆ ದನಿಯಲ್ಲಿ ಹೇಳುವವರ ಜೊತೆ ಬಾಳಬಹುದೆಂದು ನನಗೆ ಅನ್ನಿಸಿದ್ದು ಅಲ್ಲಿಯೇ.

ಕೂರಲು ಜಾಗ ಬೇಕಾದರೆ ಕೋಟೆಯೊಳಗಿನ ಕಮಲಬಸದಿಗೆ ಹೋಗಿ. 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿ ಅದು. ಮೇಲ್ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ನೋಡುತ್ತ ನಿಂತರೆ ಮಾತು ಮುಗಿದು ಹೋದಾಗಲೂ ಮೌನ ಭಾರವೆನಿಸುವುದಿಲ್ಲ. ಹೊಸ ಪರಿಚಯದಲ್ಲಿ ಎದುರು ಬದುರು ಕುಳಿತು ಒಬ್ಬರ ಮುಖವನ್ನೊಬ್ಬರು ನೋಡುವುದಕ್ಕಿಂತ ಇಬ್ಬರೂ ಕೂಡಿ ಮೂರನೆಯದೊಂದನ್ನು ನೋಡುವುದು ಸುಲಭ. ಮಿಲಿಟರಿ ಮಹಾದೇವ ಮಂದಿರದ ತೋಟವೂ ಒಳ್ಳೆಯದು; ಅಲ್ಲಿ ಸಂಜೆ ಮಕ್ಕಳು ಮರಿಗಳೊಂದಿಗೆ ಎಲ್ಲರೂ ಬರುವುದರಿಂದ ಯಾರೂ ಯಾರನ್ನೂ ವಿಶೇಷವಾಗಿ ಗಮನಿಸುವುದಿಲ್ಲ.

ಮನೆಯಲ್ಲಿ ಹೇಳುವುದಕ್ಕೆ ನಮ್ಮ ಕಡೆ ಒಂದು ದಿನ ತಾನಾಗಿಯೇ ಇದೆ, ಅದು ವಿಜಯದಶಮಿ. ಬನ್ನಿ ಕೊಡಲು ಆ ಸಂಜೆ ಯಾರು ಯಾರ ಮನೆಗೆ ಬಂದರೂ ಯಾಕೆ ಬಂದಿರಿ ಎಂದು ಕೇಳುವವರಿಲ್ಲ. ಮುನಿಸಿಕೊಂಡ ಬೀಗರೂ ಬರುತ್ತಾರೆ, ಕೋರ್ಟಿನಲ್ಲಿ ಎದುರಾಳಿಗಳಾದ ದಾಯಾದಿಗಳೂ ಬರುತ್ತಾರೆ. ನಮ್ಮವರು ಹಾಗೆಯೇ ಬಂದು, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ್ರಿ" ಎಂದು ನಮ್ಮಪ್ಪನ ಕೈಗೆ ಎಲೆ ಇಟ್ಟು, ಕಾಲು ಮುಟ್ಟಿ, ಚಹಾ ಕುಡಿದು ಹೋದರು. ಹೋದ ಮೇಲೆ ಅಪ್ಪ, ಹುಡುಗ ಯಾರು ಎಂದು ತಾವೇ ಕೇಳಿದರು. ಹೇಳುವ ಕಷ್ಟ ನನಗೆ ಬರಲೇ ಇಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕಾಯಿತು. ಆದರೆ ಅವ್ವನಿಗೆ ನಾನು ತಿಂಗಳು ಮೊದಲೇ ಹೇಳಿದ್ದೆ. ನೀನೂ ಅವ್ವನಿಗೆ ಮೊದಲು ಹೇಳು. ಐದನೆಯ ಭೇಟಿಗೆ ಮುನ್ನವೇ ಹೇಳು.

ಉತ್ತರ: ಘಟಪ್ರಭೆಯ ದಂಡೆಯವನು

ನಾನು ಗಂಡಸು, 35 ವರ್ಷ, ಗೋಕಾಕದವನು. ಇಲ್ಲಿ ಬರೆಯಬಹುದೋ ಇಲ್ಲವೋ ಎಂದು ಯೋಚಿಸಿ, ಈ ಕಡೆಯ ಅನುಭವವೂ ಮುಧೋಳದ ಅಕ್ಕನವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ಪ್ರಸಂಗ. ಕಳೆದ ಜನವರಿಯಲ್ಲಿ ಒಬ್ಬರನ್ನು ಮೊದಲ ಬಾರಿ ಭೇಟಿಯಾಗಲು ಬೆಳಗಾವಿಗೆ ಹೊರಟಿದ್ದೆ. ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರಾಲಿ ಎಳೆಯುತ್ತಿದ್ದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡಲಾಗಿ ಮಗುಚಿ, ನಮ್ಮ ಬಸ್ಸು ಒಂದೂವರೆ ತಾಸು ನಿಂತಿತು. ತಡವಾಗುತ್ತದೆಂದು ಸಂದೇಶ ಕಳಿಸಿದಾಗ ಅವರು, ಕಬ್ಬಿನ ಟ್ರ್ಯಾಕ್ಟರಿನ ಕಾರಣವನ್ನು ಈ ತಿಂಗಳಲ್ಲಿ ತಾವು ಕೇಳುತ್ತಿರುವುದು ಇದು ಮೂರನೆಯ ಸಲ ಎಂದು ಉತ್ತರಿಸಿದರು. ನಾನು ಮಗುಚಿದ ಟ್ರಾಲಿಯ ಫೋಟೋ, ಬಸ್ಸಿನ ಟಿಕೆಟಿನ ಫೋಟೋ, ಕೊನೆಗೆ ಕಂಡಕ್ಟರ್ ಸಾಹೇಬರ ಅನುಮತಿ ಪಡೆದು ಅವರ ಫೋಟೋವನ್ನೂ ಕಳಿಸಿದೆ. ಕಂಡಕ್ಟರರು ವಿಷಯ ತಿಳಿದುಕೊಂಡು ಫೋನ್ ಇಸಿದುಕೊಂಡು, "ಅಕ್ಕಾರ, ಹುಡುಗ ಖರೇ ಹೇಳಾಕತ್ತಾನ್ರಿ" ಎಂದು ಧ್ವನಿ ಸಂದೇಶ ಕಳಿಸಿದರು. ಬಸ್ಸಿನಲ್ಲಿದ್ದ ಹೆಣ್ಣುಮಕ್ಕಳು, ಶಕ್ತಿ ಯೋಜನೆಯ ಟಿಕೆಟಿನಲ್ಲಿ ಸವದತ್ತಿ ಎಲ್ಲಮ್ಮನಿಗೆ ಹೋಗಿ ಬಂದವರು, ಬೆಳಗಾವಿ ಮುಟ್ಟುವವರೆಗೆ ನನಗೆ ಏನು ಮಾತನಾಡಬೇಕೆಂದು ಪಾಠ ಹೇಳಿದರು. ನಾನು ಭೇಟಿಯಾಗಬೇಕಿದ್ದವರು ಕಾಯ್ದಿದ್ದರು, ಚಹಾ ಕುಡಿದೆವು. ಎರಡು ತಿಂಗಳ ನಂತರ ಅವರು ಪುಣೆಗೆ ವರ್ಗವಾಗಿ ಹೋದರು. ಆ ದಿನವನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಶಹಾಪುರದ ಅಕ್ಕನವರ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅವ್ವನಿಗೆ ಮೊದಲು ಹೇಳುವುದು ನಮ್ಮ ಮನೆಗಳ ರೂಢಿ, ನಿಜ. ಆದರೆ ಆ ಗುಟ್ಟನ್ನು ಗಂಡನ ಎದುರು ತಿಂಗಳುಗಟ್ಟಲೆ ಹೊತ್ತು ತಿರುಗುವ ಭಾರ ಅವ್ವನ ಮೇಲೆ ಬೀಳುತ್ತದೆ, ಮುಂದೆ ಮಾತು ಬಂದಾಗ "ನಿನಗ ಗೊತ್ತಿತ್ತೇನು?" ಎಂಬ ಪ್ರಶ್ನೆಯೂ ಅವಳ ಮೇಲೆಯೇ ಬೀಳುತ್ತದೆ. ನನ್ನ ತಂಗಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಹಾಗೆಯೇ ಆಯಿತು, ಅವ್ವ ಬಹಳ ನೊಂದುಕೊಂಡಳು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ತಂದೆ ಮಾತಿಗೆ ಮಾತು ಕೊಡದಿದ್ದರೂ ಕೃತಿಯಲ್ಲಿ ಉತ್ತರಿಸುವವರು. ಅಂಥವರಿಗೆ ನೇರವಾಗಿ ಹೇಳಬಹುದು. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಧಾರವಾಡದವರೂ ಅದೇ ದಿನ ತಮ್ಮ ಮನೆಯಲ್ಲಿ ಹೇಳಲಿ. ಒಂದು ಕಡೆ ಮಾತ್ರ ಗೊತ್ತಾಗಿ ಇನ್ನೊಂದು ಕಡೆ ಗೊತ್ತಿಲ್ಲದಿದ್ದರೆ, ಗೊತ್ತಾದ ಮನೆಯವರು ಗುಟ್ಟಾಗಿ ವಿಚಾರಣೆ ಶುರು ಮಾಡುತ್ತಾರೆ, ಆ ವಿಚಾರಣೆ ಯಾವುದೋ ಬೀಗರ ಮೂಲಕ ಇನ್ನೊಂದು ಮನೆಯ ಬಾಗಿಲಿಗೆ ಬರುತ್ತದೆ, ಆಗ ಅವರಿಗೆ ತಮ್ಮ ಮಗನ ವಿಷಯ ಪರರಿಂದ ತಿಳಿದಂತಾಗುತ್ತದೆ. ನೀವು ನಿಮ್ಮ ತಂದೆಯವರ ಬಗ್ಗೆ ಪಡುತ್ತಿರುವ ಅಂಜಿಕೆಯನ್ನೇ ಅವರ ತಂದೆಗೆ ನೀವು ಕೊಟ್ಟಂತಾಗುತ್ತದೆ. ಅವರು ಅದೇ ದಿನ ಹೇಳಲು ಒಪ್ಪದಿದ್ದರೆ ಕಾರಣವನ್ನು ಬಿಡಿಸಿ ಕೇಳಿ. ಅವರು ಕೊಡುವ ಉತ್ತರದಿಂದ ನಾಲ್ಕು ಭೇಟಿಗಳಲ್ಲಿ ತಿಳಿಯದ್ದು ತಿಳಿಯುತ್ತದೆ.

ಉತ್ತರ: ಗುಮ್ಮಟದ ಊರಿನವಳು

ವಿಜಯಪುರದಿಂದ ಬರೆಯುತ್ತಿದ್ದೇನೆ, 34 ವರ್ಷ. ಮೇಲಿನವರು ಒಳ್ಳೆಯ ಜನರ ನಡುವಿನ ತೊಡಕುಗಳನ್ನು ಹೇಳಿದ್ದಾರೆ. ಈ ಚರ್ಚೆಯನ್ನು ಓದುವ ಬೇರೆ ಹೆಣ್ಣುಮಕ್ಕಳಿಗಾಗಿ ಇನ್ನೊಂದು ಬಗೆಯ ಜನರ ಬಗ್ಗೆಯೂ ಹೇಳುವುದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ, ತಾನು ಹಡಗಿನಲ್ಲಿ ಇಂಜಿನಿಯರ್, ಮೂಲ ನಮ್ಮ ಜಿಲ್ಲೆಯ ಇಂಡಿ ಎಂದು ಪರಿಚಯ ಮಾಡಿಕೊಂಡ. ಒಂದು ತಿಂಗಳು ದಿನವೂ ಸಂದೇಶ. ನಂತರ ನನಗೊಂದು ಉಡುಗೊರೆ ಕಳಿಸಿರುವುದಾಗಿಯೂ, ಅದು ಕಸ್ಟಮ್ಸ್‌ನಲ್ಲಿ ನಿಂತಿರುವುದಾಗಿಯೂ, ಬಿಡಿಸಿಕೊಳ್ಳಲು 48,000 ರೂಪಾಯಿ ಕಟ್ಟಬೇಕೆಂದೂ ಹೇಳಿದ. ಅನುಮಾನ ಬಂದು, ಈ ಸಲ ಲಿಂಬೆಗೆ ದರ ಹೇಗಿದೆ ಎಂದು ಕೇಳಿದೆ. ತಮ್ಮ ಕಡೆ ಲಿಂಬೆ ಬೆಳೆಯುವುದಿಲ್ಲವೆಂದು ಉತ್ತರ ಬಂತು. ಇಂಡಿಯವನಾಗಿ ಲಿಂಬೆ ಅರಿಯದವನು ಇರಲಾರ! ಅಲ್ಲಿಗೆ ಅವನ ಕಥೆ ಮುಗಿಯಿತು. ನನ್ನ ಗೆಳತಿಯೊಬ್ಬಳು ಇಂಥದರಲ್ಲೇ ಹಣ ಕಳೆದುಕೊಂಡಿದ್ದಳು. ಹಾಗೇನಾದರೂ ಆದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಸಾಗುವ ಮುನ್ನ ತಡೆಹಿಡಿಯುವ ಅವಕಾಶ ಹೆಚ್ಚು. ಕಂಪ್ಯೂಟರ್ ಅಥವಾ ಫೋನ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಹಾಗೆಯೇ, ಬೇಡವೆಂದು ಸ್ಪಷ್ಟವಾಗಿ ಹೇಳಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಹಿಂಬಾಲಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಅಪರಾಧ. ಆದ್ದರಿಂದ ಬೇಡವಾದಾಗ ಬೇಡವೆಂದು ಬರಹದಲ್ಲಿ ಒಂದು ಸಲ ಸ್ಪಷ್ಟವಾಗಿ ಹೇಳಿ, ಆ ಸಂದೇಶವನ್ನು ಉಳಿಸಿಕೊಳ್ಳಿ.

ಇಷ್ಟಾದರೂ ನಾನು ಹುಡುಕುವುದನ್ನು ಬಿಡಲಿಲ್ಲ, ಅದಕ್ಕೆ ಕಾರಣ ನಮ್ಮೂರ ಗುಮ್ಮಟ. ಕಲಬುರಗಿಯ ಒಬ್ಬ ಶಿಕ್ಷಕರು ಎರಡನೆಯ ಭೇಟಿಗೆ ಇಲ್ಲಿಗೆ ಬಂದಿದ್ದರು. ನಮ್ಮೂರಿಗೆ ಬಂದವರನ್ನು ಗೋಳಗುಮ್ಮಟಕ್ಕೆ ಕರೆದೊಯ್ಯದಿರಲು ಆಗುತ್ತದೆಯೇ? ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ ಪಿಸುಮಾತಿನ ಮೊಗಸಾಲೆಗೆ ಹೋದೆವು. 1656ರಲ್ಲಿ ಪೂರ್ಣಗೊಂಡ ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಗುಮ್ಮಟದ ಆಚೆ ಬದಿಯವರಿಗೂ ಕೇಳಿಸುತ್ತದೆಂದು ಎಲ್ಲರಿಗೂ ಗೊತ್ತು. ನಾಚಿಕೆಯ ಸ್ವಭಾವದ ಆ ಶಿಕ್ಷಕರು ಎದುರು ನಿಂತು ಕೇಳಲಾರದ ಮಾತನ್ನು ಆಚೆ ಬದಿಗೆ ಹೋಗಿ ಕೇಳಲು ನಿರ್ಧರಿಸಿದರು. "ನಿಮ್ಮನ್ನು ಮತ್ತೊಮ್ಮೆ ಭೇಟಿಯಾಗಬಹುದೇ?" ಎಂಬುದು ನನಗೆ ಸ್ಪಷ್ಟವಾಗಿ ಕೇಳಿಸಿತು. ನನ್ನ ಪಕ್ಕದಲ್ಲೇ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ, ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳಿಗೂ ಕೇಳಿಸಿತು. ಅವರೆಲ್ಲರೂ ಒಟ್ಟಾಗಿ "ಆಗಬಹುದು!" ಎಂದು ಕೂಗಿದರು. ಗುಮ್ಮಟ ಅದನ್ನು ಏಳೆಂಟು ಸಲ ತಿರುಗಿ ಹೇಳಿತು. ನಾನು ಬೇರೆ ಉತ್ತರ ಕೊಡುವ ಅಗತ್ಯವೇ ಬೀಳಲಿಲ್ಲ.

ಅದಾಗಿ ಎಂಟು ತಿಂಗಳಾಯಿತು. ಇಬ್ಬರ ಮನೆಯಲ್ಲೂ ಗೊತ್ತಿದೆ, ಮಾತು ಒಳಪಂಗಡದ ಮೇಲೆ ಬಂದು ನಿಂತಿದೆ. ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವುದು ನಮ್ಮ ಜಿಲ್ಲೆಯಲ್ಲೇ. ನಮ್ಮ ಜಗುಲಿಯ ಮೇಲೆ ಅವನ ಫೋಟೋ ಇದೆ, ವಚನ ಓದದೆ ಅಪ್ಪ ಊಟಕ್ಕೆ ಕೂರುವುದಿಲ್ಲ, ಆದರೂ ಅವರ ಮೊದಲ ಪ್ರಶ್ನೆ ಅದೇ ಆಗಿತ್ತು. ನನಗೆ ಸಿಟ್ಟು ಬಂದಿದೆ, ಆದರೆ ಅಪ್ಪನನ್ನು ಬಿಟ್ಟುಕೊಡುವ ಮನಸ್ಸಿಲ್ಲ. ವಾರಕ್ಕೊಮ್ಮೆ ಕುಳಿತು ಮಾತನಾಡುತ್ತಲೇ ಇದ್ದೇನೆ. ಮುಧೋಳದ ತಂಗಿ, ಮನೆಯಲ್ಲಿ ಹೇಳಿದ ದಿನವೇ ಎಲ್ಲ ಮುಗಿಯುವುದಿಲ್ಲ. ಒಪ್ಪಲು ಅವರಿಗೂ ದಿನ ಬೇಕು. ಅದಕ್ಕಾಗಿಯೇ ಬೇಗ ಹೇಳಿ ಎನ್ನುತ್ತೇನೆ.

ಮತ್ತೆ: ಮುಧೋಳದ ಮಗಳು

ಮೂವರಿಗೂ ಹೃದಯಪೂರ್ವಕ ಧನ್ಯವಾದ. ಗೋಕಾಕದ ಅಣ್ಣನವರ ಮಾತನ್ನು ಧಾರವಾಡದವರಿಗೆ ಹಾಗೆಯೇ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ರವಿವಾರ ಊರಿಗೆ ಹೋಗಿ ತಂದೆಗೆ ಹೇಳುವುದಾಗಿ ತಿಳಿಸಿದರು, ಹೇಳಿಯೂ ಬಂದರು. ಅದೇ ರವಿವಾರ ನಾನೂ ಮುಧೋಳಕ್ಕೆ ಹೋಗಿದ್ದೆ.

ಅವ್ವ ಮತ್ತು ಅಪ್ಪ ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಕೋಟೆ ಕೆರೆಯನ್ನೂ, ಕಾಕುವನ್ನೂ, ಪೇಢೆಯನ್ನೂ ಬಿಡಲಿಲ್ಲ. ಅವ್ವ ಬೀಸಿಟ್ಟ ಜೋಳದ ಹಿಟ್ಟನ್ನು ಜರಡಿ ಹಿಡಿಯುತ್ತ ತಲೆ ಎತ್ತದೆ ಕೇಳಿಸಿಕೊಂಡಳು. ದಸರೆಗೆ ಬನ್ನಿ ಕೊಡಲು ಅವರು ಬರಬಹುದೇ ಎಂದು ನಾನು ಕೇಳಿದಾಗ, ಹಬ್ಬದ ದಿನ ಬರುವವರನ್ನು ಬೇಡವೆನ್ನಲು ನಾನ್ಯಾರು ಎಂದಳು. ಅಪ್ಪ ಎದ್ದು ಅಂಗಳಕ್ಕೆ ಹೋಗಿ ಬಹಳ ಹೊತ್ತು ಎಮ್ಮೆಯ ಹತ್ತಿರ ನಿಂತಿದ್ದರು. ಒಳಗೆ ಬಂದಾಗ ಅವರು ಕುಂಡಲಿ ಕೇಳಲಿಲ್ಲ, ಅಡ್ಡಹೆಸರನ್ನೂ ಕೇಳಲಿಲ್ಲ. "ಅವರ ಊರಾಗ ಈ ಸಲ ಮಳಿ ಚಲೋ ಆಗೇತೇನು?" ಎಂದು ಕೇಳಿದರು.